ಗ್ಲೋವ್ಸ್ ಒಳಗಿನ ದಾರ

ಜೂನ್ 9, ಸೋಮವಾರ

ಮತ್ತೆ ಅದೇ ಕನಸು. ಕ್ಲೀನ್ ರೂಮಿನಲ್ಲಿ ಎಲ್ಲರೂ ಬಿಳಿ ಸೂಟು, ಕಣ್ಣು ಮಾತ್ರ ಕಾಣುತ್ತದೆ. ಶಿಫ್ಟ್ ಮುಗಿಯಿತು. ಒಬ್ಬೊಬ್ಬರೇ ಟೋಪಿ ತೆಗೆದರು... ಒಳಗೆ ಯಾರೂ ಇರಲಿಲ್ಲ.

ಅಮ್ಮನಿಗೆ ಹೇಳಬಾರದಿತ್ತು. ಜುಂಜಪ್ಪನ ಗುಡಿಯಿಂದ ಮಂತ್ರಿಸಿದ ದಾರ ತಂದು ಎಡಗೈಗೆ ಕಟ್ಟಿದಳು. “ತಾನಾಗೇ ಬೀಳೋವರ್ಗೂ ಬಿಚ್ಬೇಡ ಕಣೋ ರವೀಶ.”

ಚಿಪ್ ಫ್ಯಾಕ್ಟರಿಯೊಳಗೆ ದಾರ, ವಿಭೂತಿ, ಉಂಗುರ ಏನೂ ಕೂಡದು. ಒಂದು ಎಳೆ ಉದುರಿದರೂ ಸಿಲಿಕಾನ್ ಬಿಲ್ಲೆ ಹಾಳು. ಸಿಕ್ಕಿಬಿದ್ದರೆ ಕೆಲಸ ಹೋಯಿತು. ಡಿಪ್ಲೊಮಾ ಅರ್ಧಕ್ಕೆ ಬಿಟ್ಟವನಿಗೆ ಇನ್ನೊಂದು ಯಾರು ಕೊಡುತ್ತಾರೆ? ಗ್ಲೋವ್ಸ್ ಮೇಲೆಳೆದುಕೊಂಡೆ. ಯಾರೂ ನೋಡಲಿಲ್ಲ.

ಜೂನ್ 12, ಗುರುವಾರ. ಕೋರದ ಫ್ಯಾಕ್ಟರಿಯಿಂದ ಮನೆಗೆ, ಬಸ್ಸಿನಲ್ಲಿ

ಬಿಲ್ಲೆಗಳನ್ನು ಎಚ್‌ಎಫ್ ಆಸಿಡ್ ತೊಟ್ಟಿಯಿಂದ ಎತ್ತುವಾಗ ಗ್ಲೋವ್ಸ್ ಅಂಚಿಗೆ ಹನಿ ಸಿಡಿಯಿತು. ಸಿಡಿಯಿತೋ ಇಲ್ಲವೋ... ಗಾಜನ್ನೇ ತಿನ್ನುವ ಆಸಿಡ್, ನೋಡಲು ಬರೀ ನೀರು. ಮೂಳೆಗೆ ಇಳಿಯುತ್ತದೆ, ಮೊದಮೊದಲು ನೋವೇ ಇರುವುದಿಲ್ಲ ಅಂತ ಟ್ರೈನಿಂಗಿನಲ್ಲಿ ಹೇಳಿದ್ದರು. ನೋಯುತ್ತಿಲ್ಲ. ಅದಕ್ಕೇ ಭಯ.

ಹೇಳಿದರೆ ಗ್ಲೋವ್ಸ್ ಬಿಚ್ಚಿಸುತ್ತಾರೆ. ದಾರ ಕಾಣುತ್ತದೆ. ಕೈ ನೋಡಿಕೊಂಡು ನಿಂತಿದ್ದೆ. ಪಕ್ಕದ ಬೆಂಚಿನ ಮಾನಸಾ ನಕ್ಕಳು. “ಏನ್ ರವೀಶಣ್ಣ, ಇವತ್ತೇನ್ ಹೊಸ ಕಾಯ್ಲೆ? ಮೊನ್ನೆ ಹಾರ್ಟು, ಆಮೇಲೆ ಕಿಡ್ನಿ...” ನಾನೂ ನಕ್ಕೆ.

ದಾರ ಇನ್ನೂ ಒದ್ದೆಯಿದೆ. ಬೆವರಿರಬೇಕು.

ಅದೇ ದಿನ, ಸಂಜೆ. ಗುಬ್ಬಿಯ ಮನೆ

ಸೋಪು ಹಾಕಿ ತೊಳೆದೆ. ದಾರ ಬಿಚ್ಚಲಿಲ್ಲ — ಬಿಚ್ಚಿದ ಮೇಲೆ ಏನಾದರೂ ಆದರೆ? ಚರ್ಮದ ಮೇಲೆ ಏನೂ ಇಲ್ಲ. ಮಣಿಕಟ್ಟಿನ ಒಳಗೆ ಮಾತ್ರ ಯಾರೋ ನಿಧಾನವಾಗಿ ಅಗಿಯುತ್ತಿರುವ ಹಾಗೆ.

ಜೂನ್ 13, ಬೆಳಗ್ಗೆ

ದಾರ ಕತ್ತರಿಸಿದೆ. ಕೆಳಗೆ ಚರ್ಮ ಬೇಯಿಸಿದ ಮೊಟ್ಟೆಯ ಹಾಗೆ ಬಿಳಿ. ಮುಟ್ಟಿದರೆ ನನ್ನದಲ್ಲ ಅನ್ನಿಸುತ್ತದೆ. ಶಿಫ್ಟ್ ಲೀಡ್ ಲಕ್ಷ್ಮೀಕಾಂತ್ ಸಾರ್‌ಗೆ ಫೋನ್ ಮಾಡಿ, ದಾರದ ವಿಷಯವನ್ನೂ ಹೇಳಿಬಿಟ್ಟೆ. ಬೈಯಲಿಲ್ಲ. ಬೈದಿದ್ದರೆ ಧೈರ್ಯ ಬರುತ್ತಿತ್ತು.

“ದಾರ ಹಾಳಾಗ್ ಹೋಗ್ಲಿ! ಆ ಆಸಿಡ್‌ಗೆ ಹಚ್ಚೋ ಜೆಲ್ ತಗೊಂಡು ಕಾರಲ್ಲಿ ಬರ್ತಿದೀನಿ, ಸೀದಾ ಆಸ್ಪತ್ರೆಗೆ ಹೋಗೋಣ. ಅಲ್ಲೀವರ್ಗೂ ಕೈನ ನೀರಲ್ಲೇ ಇಟ್ಕೊ. ಆಸಿಡ್ ರಕ್ತಕ್ಕೆ ಇಳಿದಿದ್ರೆ ತುಟಿ ಜುಮ್ ಅನ್ನುತ್ತೆ. ಅಂತಿದ್ಯಾ?”

ಅನ್ನುತ್ತಿದೆ.

ಎಡಗೈ ಬಕೆಟ್ಟಿನಲ್ಲಿ. ಸುಮ್ಮನೆ ಕೂರಲು ಆಗದೆ ಬಲಗೈಯಲ್ಲಿ ಬರೆಯುತ್ತಿದ್ದೇನೆ. ಅಮ್ಮ ಬಕೆಟ್ಟಿಗೆ ಬಗ್ಗಿದಳು. “ಬೆರಳು ಯಾಕ್ಲಾ ಹಂಗೆ ಮಡಿಸ್ತಿದೀಯ?”

ನಾನು ಮಡಿಸುತ್ತಿಲ್ಲ.

ಅಮ್ಮ, ಇನ್ನೊಂದ್ಸಲ ಸರಿಯಾಗಿ ನೋಡು... ತಾನಾಗೇ ಮಡಿಸ್ಕೊಳ್ತಿರೋದು ಆ ಕೈ ಒಂದೇನಾ, ಇಲ್ಲ ಪೆನ್ ಹಿಡಿದಿರೋ ಈ ಕೈನೂ