ಚಪ್ಪಾಳೆ ತಟ್ಟಿಸಿದವಳು

ಶಹಾಬಾದ
ರವಿವಾರ, ೧೮ ಜುಲೈ ೧೯೭೧

ಪ್ರೀತಿಯ ತಾಜೂ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಉತ್ತರ ಬರೆಯದೆ ಕುಳಿತಿದ್ದಕ್ಕೆ ಬೈದುಕೋ. ಆದರೆ ಬೈಗುಳವನ್ನೆಲ್ಲ ಈಗಲೇ ಮುಗಿಸಬೇಡ, ಮುಂದೆ ಬೇಕಾಗುತ್ತದೆ. ಇಲ್ಲಿ ಎಲ್ಲರೂ ಆರಾಮ. ಮಳೆ ಹಿಡಿದಾಗಿನಿಂದ ನಿಮ್ಮಮ್ಮನಿಗೆ, ನನ್ನ ಖಾಲಾಗೆ, ಮೊಣಕಾಲು ನೋವು ಹೆಚ್ಚಾಗಿದೆ, ಅಂಗಳದ ಫರಸಿ ಕಲ್ಲಿನ ಮೇಲೆ ಕಾಲು ಜಾರೀತೆಂದು ನಾನೇ ನೀರು ತುಂಬಿಕೊಟ್ಟು ಬರುತ್ತೇನೆ. ಊಟ ಚೆನ್ನಾಗಿ ಮಾಡುತ್ತಾಳೆ. ಕೌದಿ ಹೊಲಿಯುವುದನ್ನು ಬಿಡು ಎಂದರೆ ಬಿಡುವುದಿಲ್ಲ. ನಿನ್ನ ಮಕ್ಕಳ ಶಾಲೆ ಸುರುವಾಗಿರಬೇಕು. ಚಿಕ್ಕವಳ ಕೆಮ್ಮು ಹೋಯಿತೇ?

ಹತ್ತೊಂಬತ್ತು ವರ್ಷದಿಂದ ನಿಮ್ಮಮ್ಮ ಹೇಳಿದ್ದನ್ನು ನಿನಗೆ ಬರೆದು ಹಾಕುವವಳು ನಾನು. ಅವಳು ಕೌದಿ ಮೇಲೆ ಕುಳಿತು ಹೇಳುತ್ತಾಳೆ, ನಾನು ಬರೆಯುತ್ತೇನೆ, ಕೊನೆಗೆ ಓದಿ ತೋರಿಸುತ್ತೇನೆ. ಈ ಸಲದ ಕಾಗದ ಮಾತ್ರ ನನ್ನದೇ. ನಾವಿಬ್ಬರೂ ನಿಜಾಮನ ಕಾಲದ ಶಾಲೆಯಲ್ಲಿ ಉರ್ದು ಕಲಿತವರು, ಆದರೆ ಕನ್ನಡ ಮರೆತು ಹೋದೀತು, ಕನ್ನಡದಲ್ಲೇ ಬರಿ ಎಂದು ನೀನು ಹಟ ಹಿಡಿದೆ. ನಿನ್ನ ಮನೆಯವರಿಗೆ ಕನ್ನಡ ಬಾರದು. ಇವತ್ತು ಅದು ನನಗೆ ದೊಡ್ಡ ಸಮಾಧಾನ.

ನೀನು ಕೇಳಿದ್ದು ಇಷ್ಟು: ‘ಪೇಪರಿನಲ್ಲಿ ಅಮ್ಮನ ಫೋಟೋ ನೋಡಿದೆ. ಅಮ್ಮ ಮೈಕಿನ ಮುಂದೆ ಏನು ಮಾತಾಡಿದಳು? ಒಂದು ಮಾತೂ ಬಿಡದೆ ಬರಿ.’ ಫೋಟೋದ ಕೆಳಗೆ ‘ಬಂಗಾಳದ ತಾಯಂದಿರಿಗಾಗಿ ಕಣ್ಣೀರಿಟ್ಟ ಮುಸ್ಲಿಂ ಮಹಿಳೆ’ ಎಂದು ಅಚ್ಚಾಗಿದೆಯಲ್ಲ, ಅದು ಸುಳ್ಳು. ಕಣ್ಣೀರು ನಿಜ. ಯಾರಿಗಾಗಿ ಎಂಬುದು ಸುಳ್ಳು.

ಮೊದಲಿನಿಂದ ಹೇಳುತ್ತೇನೆ. ಮಾರ್ಚ್ ತಿಂಗಳಿಂದ ರೇಡಿಯೋದಲ್ಲಿ ಪೂರ್ವ ಬಂಗಾಳದ ಸುದ್ದಿ ಕೇಳಿ ಕೇಳಿ ನನಗೆ ಅನ್ನ ಸೇರದಂತಾಗಿತ್ತು. ಊರಿಗೆ ಊರೇ ಸುಟ್ಟರಂತೆ, ಹೆಂಗಸರನ್ನು ಎಳೆದೊಯ್ದರಂತೆ, ಲಕ್ಷಗಟ್ಟಲೆ ಮಂದಿ ಗಡಿ ದಾಟಿ ಬರುತ್ತಿದ್ದಾರಂತೆ. ಚಿತ್ತಾಪುರದ ಸಂಗಣ್ಣ ವಕೀಲರು ಒಂದು ಸಮಿತಿ ಮಾಡಿದರು. ದಿಲ್ಲಿ ಸರಕಾರ ಬರೀ ಖಂಡಿಸಿ ಕೂರಬಾರದು, ಅಲ್ಲಿಯ ಜನರನ್ನು ಉಳಿಸಲು ಏನಾದರೂ ಮಾಡಲೇಬೇಕು ಎಂದು ಮನವಿ ಕಳಿಸುವುದು, ಅದಕ್ಕೆ ನಮ್ಮ ನಾಲ್ಕೈದು ಊರುಗಳಿಂದ ಸಹಿ ಕೂಡಿಸುವುದು. ನಾನು ಕಾರ್ಯದರ್ಶಿ. ಮನವಿ ಬರೆದವಳೂ ನಾನೇ. ‘ಕಣ್ಣೆದುರಿಗೆ ಕೊಲೆ ನಡೆಯುವಾಗ ಸುಮ್ಮನಿರುವವರೂ ಕೊಲೆಯಲ್ಲಿ ಪಾಲುದಾರರು’ ಎಂದು ಬರೆದಾಗ ವಕೀಲರು ಎರಡು ಸಲ ಓದಿ, “ಬಾಯಾರ, ಭಾಳ ಖಡಕ್ ಬರದೀರಿ” ಎಂದರು. ನಾನು ಹಿಗ್ಗಿದೆ. ಅವತ್ತು ಮನೆಗೆ ಬಂದು ಕನ್ನಡಿ ಕೂಡ ನೋಡಿಕೊಂಡೆ ತಾಜೂ, ಮೂವತ್ತೇಳನೆಯ ವಯಸ್ಸಿಗೆ.

ನಾನು ಕಲಿಸುವ ಶಾಲೆಯ ರಜೆಯಲ್ಲಿ ತಿರುಗದ ಓಣಿಯಿಲ್ಲ. ವಾಡಿ ಸ್ಟೇಷನ್ನಿನ ಕೂಲಿಗಳು, ಸೇಡಂ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರು, ಮಳಖೇಡದಲ್ಲಿ ಕಲ್ಲುಗಣಿಯ ಧೂಳು ಮೆತ್ತಿಕೊಂಡೇ ಬಂದು ಸಹಿ ಹಾಕಿದವರು. ಚಿಂಚೋಳಿಯಲ್ಲಿ ಒಬ್ಬ ಮುದುಕಿ ಬಂಗಾಳವೆಂದರೆ ಹೈದರಾಬಾದಿನ ಆಚೆಗೋ ಈಚೆಗೋ ಎಂದು ಕೇಳಿದಳು. ಆಚೆಗೆ ಅಂದೆ. “ಎಲ್ಲಿದ್ದರೇನವ್ವಾ, ಹೊಟ್ಟಿ ಉರಿ ಒಂದೇ” ಎಂದು ಹೆಬ್ಬೆಟ್ಟು ಒತ್ತಿದಳು.

ಆಮೇಲೆ ವಕೀಲರು, “ನಮ್ಮ ಭಾಗದಾಗ ಮುಸಲ್ಮಾನರು ಭಾಳ ಅದಾರ. ಅವರಿಂದ ಒಬ್ಬಾಕಿ ತಾಯಿ ವೇದಿಕಿ ಮ್ಯಾಲ ಮಾತಾಡಿದ್ರ, ಇದು ಹಿಂದೂ-ಮುಸ್ಲಿಂ ಮಾತಲ್ಲ, ಮನುಷ್ಯಾರ ಮಾತು ಅಂತ ದಿಲ್ಲಿಗೆ ತಿಳೀತದ” ಎಂದರು. ಮಾತು ತಪ್ಪಲ್ಲ. ನಾನು ತಟ್ಟನೆ, “ನಮ್ಮ ಇಮಾಮ್ಬೀ ಖಾಲಾ ಅದಾಳ್ರಿ, ನನ್ನ ಹಡೆದವ್ವ ಇದ್ದಂಗ” ಎಂದುಬಿಟ್ಟೆ. ಸಮಿತಿಯವರ ಮುಂದೆ ನಿಮ್ಮಮ್ಮನನ್ನು ನನ್ನ ಆಸ್ತಿಯ ಹಾಗೆ ತೋರಿಸಿದೆ.

ನಾನು ಹೋದಾಗ ಖಾಲಾ ಕೌದಿಗೆ ಅಂಚು ಹೊಲಿಯುತ್ತಿದ್ದಳು. ಮನವಿ ಓದಿ ಹೇಳಿದೆ. ಸೂಜಿ ನಿಲ್ಲಿಸಿ ಪೂರ್ತಿ ಕೇಳಿದಳು. ಹೆಬ್ಬೆರಳಿಗೆ ನಾನು ಮಸಿ ಹಚ್ಚುವಾಗ ಕೇಳಿದಳು, “ಇಷ್ಟು ಮಂದಿ ಒತ್ತಿದ್ರ ಸರಕಾರ ಬಂದು ಉಳಸ್ತದೇನವ್ವಾ?”

“ಉಳಸಬೇಕು ಖಾಲಾ.”

“ನಮಗ ಆವಾಗ ಯಾರೂ ಹೇಳಲೇ ಇಲ್ಲ ನೋಡು. ಗೊತ್ತಿದ್ರ ಒತ್ತತಿದ್ವಿ.”

ಕೊಂಕಿಲ್ಲ, ಸಿಟ್ಟಿಲ್ಲ. ರೇಶನ್ ಅಂಗಡಿಯ ಹೊಸ ನಿಯಮ ತಿಳಿದವಳ ಹಾಗೆ ಹೇಳಿ ಬೆರಳೊತ್ತಿದಳು. ನಾನು ಮಸಿಯ ಡಬ್ಬಿ ಮುಚ್ಚುತ್ತ ಕೂತೆ. ವೇದಿಕೆಯ ಮೇಲೆ ಏನು ಹೇಳಲಿ ಎಂದು ಕೇಳಿದಾಗ, “ನಿನ್ನ ಮನಸಿನಾಗ ಇದ್ದದ್ದು ಹೇಳು” ಎಂದೆ. ಇಪ್ಪತ್ತಮೂರು ವರ್ಷದಿಂದ ಅವಳ ಮನಸ್ಸಿನಲ್ಲಿ ಇರುವುದೇನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಹಾಗೆಂದೆ. ಅವಳು ಬಂಗಾಳದ ಬಗ್ಗೆಯೇ ಮಾತಾಡುತ್ತಾಳೆ ಎಂದು ನಂಬಿಕೊಂಡೆ.

ಜುಲೈ ನಾಲ್ಕಕ್ಕೆ ಸಭೆ. ಕಲ್ಲಿನ ವ್ಯಾಪಾರಿಗಳ ಬಯಲಿನಲ್ಲಿ, ಸಂಜೆ ಐದಕ್ಕೆ. ಮೋಡ ಕಟ್ಟಿದ್ದರೂ ಮಂದಿ ಬಂದರು, ಫರಸಿಯ ಅಟ್ಟಿಗಳ ಮೇಲೆಲ್ಲ ಏರಿ ಕುಳಿತರು. ವಕೀಲರು ಮಾತಾಡಿದರು, ನಾನು ಮನವಿ ಓದಿದೆ. ಆಮೇಲೆ ಖಾಲಾಳನ್ನು ಕೈಹಿಡಿದು ಕರೆತಂದು ಮೈಕು ಕೊಟ್ಟೆ. ನೀನು ಈದ್‌ಗೆ ಕಳಿಸಿದ ಹಸಿರು ಸೀರೆ ಉಟ್ಟಿದ್ದಳು. ಒಂದು ಮಾತೂ ಬಿಡಬೇಡ ಎಂದಿದ್ದೀಯ. ಬಿಡುವುದಿಲ್ಲ, ಕೇಳು.

“ನನಗ ಭಾಷಣ ಬರಂಗಿಲ್ರಿ. ಅಲ್ಲಿ ಬಂಗಾಲದಾಗ ತಾಯಂದ್ರ ಎದುರಿಗೇ ಮಕ್ಕಳ್ನ ಕಡೀಲಿಕತ್ತಾರಂತ. ಹೊಡಿಯೋರೂ ಅಲ್ಲಾನ ಹೆಸರು ಹೇಳ್ತಾರಂತ. ಅದು ಹರಾಮ್ ಅದ. ನಂಗ ಅವರ ಸಂಕಟ ಗೊತ್ತದ. ನಂಗೂ ಒಬ್ಬ ಮಗ ಇದ್ದ, ಗುಲಾಮ ದಸ್ತಗೀರ ಅಂತ. ಹತ್ತಿ ಮಿಲ್ಲಿನಾಗ ಕೆಲಸಕ್ಕಿದ್ದ. ನಿಜಾಮನ ರಜಾಕಾರರ ಸಂಗಾಟ ಒಂದು ದಿನಾ ಹೋದಾವ ಅಲ್ಲ. ಪೊಲೀಸ್ ಆ್ಯಕ್ಷನ್ ಆಗಿ, ದಿಲ್ಲಿ ದಂಡು ಬಂದು ಮೂರನೇ ದಿನ, ಮಧ್ಯಾಹ್ನ, ಊಟಕ್ಕ ಕುಂತಿದ್ದ. ರಜಾಕಾರರ ಮ್ಯಾಲಿನ ಸಿಟ್ಟಿಗೆ ಮಂದಿ ಬಂದ್ರು. ತಾಟು ಬಿಟ್ಟು ಹಿತ್ತಲ ಗ್ವಾಡಿ ಜಿಗದು ಓಡಿದ. ನಾನೂ ಅವನ ಹಿಂದ ಓಡಿದೆ. ಅವ ಓಣ್ಯಾಗ ಬಂದು ಒಂದು ಬಾಗಲಾ...”

ಇಷ್ಟೇ. ಇದರ ಮುಂದೆ ಒಂದಕ್ಷರವೂ ಇಲ್ಲ, ಏಕೆಂದರೆ ನಾನು ಎದ್ದೆ. ಮೈಕ್‌ಸೆಟ್ಟಿನ ನಬೀಸಾಬ್‌ಗೆ ಬಂದ್ ಮಾಡು ಎಂದು ಕೈಸನ್ನೆ ಮಾಡಿದೆ. ಆತ ಕಂಡೂ ಕಾಣದವನ ಹಾಗೆ ನಿಮ್ಮಮ್ಮನನ್ನೇ ನೋಡುತ್ತಿದ್ದ. ಆಗ ನಾನೇ ಹೋಗಿ ಅವಳ ಕೈಯಿಂದ ಮೈಕು ತೆಗೆದುಕೊಂಡು, “ಇಮಾಮ್ಬೀಯವರಿಗೆ ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿರಿ” ಎಂದೆ.

ತಟ್ಟಿದರು. ಬಯಲು ತುಂಬ ಚಪ್ಪಾಳೆ. ಖಾಲಾ ಬಾಯಿ ತೆರೆದೇ ನಿಂತಿದ್ದಳು, ಕಣ್ಣಿಂದ ನೀರಿಳಿಯುತ್ತಿತ್ತು. ಆಮೇಲೆ ಮಂದಿಗೆ ಸಲಾಂ ಮಾಡಿ ಕೆಳಗಿಳಿದಳು. ಫೋಟೋ ತೆಗೆದದ್ದು ಆಗಲೇ. ಅದರಲ್ಲಿ ಮೈಕು ಹಿಡಿದ ಕೈಯೊಂದು ಕಾಣುತ್ತದಲ್ಲ, ಬಳೆಯಿದ್ದದ್ದು, ಅದು ನನ್ನದು.

ಸಭೆಯ ನಂತರ ವಕೀಲರು ನನ್ನನ್ನು ಪಕ್ಕಕ್ಕೆ ಕರೆದು, “ಯಾಕ್ರೀ ಬಾಯಾರ, ನಡುವೇ ನಿಲ್ಲಿಸಿದ್ರಿ?” ಎಂದರು. ಹೊತ್ತಾಗಿತ್ತು, ಮಳೆ ಬರುವಂತಿತ್ತು ಎಂದೆ. ಅವರು ಅದನ್ನು ನಂಬಲಿಲ್ಲ ಎಂದು ಇನ್ನೊಂದು ಕಾರಣ ಕೊಟ್ಟೆ: ಹಳೆಯದನ್ನು ಕೆದಕಿದರೆ ಊರಲ್ಲಿ ಗದ್ದಲ ಎದ್ದು ಬಂಗಾಳದ ಕೆಲಸ ಕೆಟ್ಟೀತು. “ನಿಮ್ಮ ಮನವಿಯೊಳಗ ಹಂಗ ಇಲ್ಲಲ್ರಿ” ಎಂದು ಕೊಡೆ ಬಿಚ್ಚಿಕೊಂಡು ಹೊರಟುಹೋದರು. ನನಗೆ ಮುಖಕ್ಕೆ ಹೊಡೆದಂತಾಯಿತು. ಎರಡನೆಯ ಕಾರಣವೂ ಸುಳ್ಳೆಂದು ಅವರಿಗೆ ಹೊಳೆದಿರಲಾರದು. ನನಗೆ ಗೊತ್ತಿತ್ತು. ಮೂರನೆಯದನ್ನು ಬರೆಯಲು ಹತ್ತು ದಿನದಿಂದ ಕೂತಿದ್ದೇನೆ, ಕೈ ಏಳುತ್ತಿಲ್ಲ.

ಮರುದಿನ ಖಾಲಾ ಎಂದಿನಂತೆ ಕಾಗದ ಬರೆಯಲು ಕರೆದಳು. “ಬರಿ. ತಾಜೂ, ನಾ ಮೈಕಿನಾಗ ಚಂದ ಮಾತಾಡಿದೆ. ಮಂದಿ ಚಪ್ಪಾಳಿ ಹೊಡದ್ರು. ಅನಸು ನನ್ನ ಕೈ ಹಿಡಕೊಂಡಿದ್ದಳು, ಅಂಜಿಕಿ ಆಗಲಿಲ್ಲ.” ಬರೆದೆ. ಓದಿ ತೋರಿಸು ಎಂದಳು. ಓದಿದೆ. ಆ ಕಾಗದ ಇನ್ನೂ ನನ್ನ ಚೀಲದಲ್ಲೇ ಇದೆ. ಅದನ್ನು ನಿನಗೆ ಕಳಿಸಿದರೆ ನಾನು ಮನುಷ್ಯಳಲ್ಲ ಎನಿಸಿತು.

ಮನವಿ ಎರಡು ಸಾವಿರದ ಮುನ್ನೂರು ಹೆಸರುಗಳೊಂದಿಗೆ ದಿಲ್ಲಿಗೆ ಹೋಗಿದೆ. ಉತ್ತರ ಬಂದಿಲ್ಲ. ತಪ್ಪು ತಿಳಿಯಬೇಡ, ಆ ಕೆಲಸ ಸರಿಯಾದದ್ದು. ಅಲ್ಲಿ ದಿನಾ ಮಂದಿ ಸಾಯುತ್ತಿದ್ದಾರೆ, ಯಾರಾದರೂ ಕೂಗಲೇಬೇಕು. ನಾನು ಕೂಗಬಹುದಿತ್ತೇ ಎಂಬುದಷ್ಟೇ ಪ್ರಶ್ನೆ. ಕಾರ್ಯದರ್ಶಿ ಕೆಲಸ ಬಿಡುತ್ತೇನೆಂದು ವಕೀಲರಿಗೆ ಬರೆದುಕೊಟ್ಟಿದ್ದೇನೆ. ಮುಂದಿನ ಸಭೆ ಚಿತ್ತಾಪುರದಲ್ಲಿ, ಆಗಸ್ಟ್ ಒಂದಕ್ಕೆ. ಖಾಲಾಳನ್ನು ಮತ್ತೆ ಕರೆಯಿರಿ, ಅವಳು ಮುಗಿಸುವವರೆಗೂ ಯಾರೂ ಏಳಬಾರದು ಎಂದೂ ಅದರಲ್ಲೇ ಬರೆದಿದ್ದೇನೆ. ಅವಳಿಗೆ ಮನಸ್ಸಿದ್ದರೆ ಮಾತ್ರ. ನೀನು ಬಂದು ಅವಳ ಪಕ್ಕದಲ್ಲಿ ಕೂತುಕೋ ತಾಜೂ. ಹೈದರಾಬಾದಿನಿಂದ ಬೆಳಗಿನ ಗಾಡಿ ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ವಾಡಿ. ಸ್ಟೇಷನ್ನಿಗೆ ನಾನು ಬರಬೇಕೋ ಬೇಡವೋ ನೀನೇ ಹೇಳು.

ಮಕ್ಕಳಿಗೆ ಒಳ್ಳೆಯದಾಗಲಿ. ದೊಡ್ಡವನು ಲೆಕ್ಕದಲ್ಲಿ ಹಿಂದೆ ಬಿದ್ದಿದ್ದಾನೆ ಎಂದು ಬಡಿಯಬೇಡ, ಕೂಡಿಸಿಕೊಂಡು ಹೇಳು. ನಿನ್ನ ಮನೆಯವರಿಗೆ ನನ್ನ ಸಲಾಂ. ನಿನ್ನ ಸಂಸಾರ ತಣ್ಣಗಿರಲಿ, ನಿನ್ನ ಬಾಗಿಲಿಗೆ ಬಂದವರಿಗೆ ನೆರಳು ಸಿಗಲಿ.

ನಿನ್ನ
ಅನಸುಬಾಯಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಸಭೆ ಮುಗಿದು ಖಾಲಾಳನ್ನು ಮನೆಗೆ ಬಿಡಲು ಹೋದಾಗ ಅವಳು ಬೀಗ ತೆಗೆಯುತ್ತ, ನನ್ನ ಕಡೆ ತಿರುಗದೆ ಹೇಳಿದಳು: “ಯಾಕ ಅಷ್ಟು ಅಂಜಿದೆವ್ವಾ ಅನಸೂ? ಯಾರ ಮನಿ ಅಂತ ನಾ ಹೇಳ್ತಿದ್ದಿಲ್ಲ. ಇಷ್ಟು ವರ್ಷದಾಗ ಒಮ್ಮೆರ ಹೇಳೀನೇನು?”

ಅವಳಿಗೆ ಗೊತ್ತಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಓಣಿಯ ತಿರುವಿನಿಂದ, ಮಗನನ್ನು ಕಡಿದದ್ದರ ತನಕ, ಎಲ್ಲವನ್ನೂ ನೋಡಿದ್ದಳು. ನೋಡಿಯೂ ಆಮೇಲೆ ನನ್ನ ಮದುವೆಗೆ ಕೌದಿ ಹೊಲಿದುಕೊಟ್ಟಳು.

ನೀನು ಆ ವಾರ ಚಿಂಚೋಳಿಯಲ್ಲಿ ನಿನ್ನ ದೊಡ್ಡಮ್ಮನ ಮನೆಯಲ್ಲಿದ್ದೆ. ತಿರುಗಿ ಬಂದಾಗ, ನಾವೂ ಊರಲ್ಲಿರಲಿಲ್ಲ ಎಂದು ನಾನು ನಿನಗೆ ಹೇಳಿದೆ. ಇದ್ದೆವು. ಅಪ್ಪ ಹೊಲಕ್ಕೆ ಹೋಗಿದ್ದ, ಅವ್ವ ಹಿತ್ತಲಲ್ಲಿದ್ದಳು. ಬಾಗಿಲು ತೆಗೆಯಬೇಡ ಎಂದು ಯಾರೂ ನನಗೆ ಹೇಳಿರಲಿಲ್ಲ. ಅದಕ್ಕೆ ಎರಡು ತಿಂಗಳ ಹಿಂದೆ ರಜಾಕಾರರು ನನ್ನ ಸೋದರಮಾವನ ಮನೆ ಸುಟ್ಟಿದ್ದರು, ಆ ಅಂಜಿಕೆ ಇತ್ತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ನಾನು ಹದಿನಾಲ್ಕರ ಹುಡುಗಿ, ಎತ್ತಿ ಆಡಿಸಿದವನ ದನಿ ಗುರುತು ಹಿಡಿಯಲಾರದಷ್ಟು ಸಣ್ಣವಳಲ್ಲ. ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದೆ. ಅವನು ಹೊರಗಿನಿಂದ, “ಅನಸೂ, ನಾನವ್ವಾ, ದಸ್ತಗೀರ, ಬಾಗಲಾ ತಗಿ” ಎಂದ.

ನಾನು ಒಳಗಿನಿಂದ, “ಮನಿಯಾಗ ಯಾರೂ ಇಲ್ಲ” ಎಂದೆ.