ನೂರರ ಮೇಲಿನ ನಾಲ್ಕು ಕಾಯಿ

ಬಿಳಿಗೆರೆ
೧೮-೯-೨೦೦೩, ಗುರುವಾರ

ಹೇಳದೆ ಕೇಳದೆ ಬಸ್ಸು ಹತ್ತಿದ ನನ್ನ ಮಗಳು ಸಿಂಧುಗೆ, ಅಮ್ಮನ ಆಶೀರ್ವಾದ.

ಮೊದಲು ಲೆಕ್ಕ ಕೇಳು. ನಿನ್ನ ಗಣಿತ ತರಬೇತಿಗೆ ನನ್ನ ತೆಂಗಿನಕಾಯಿ ಮಂಡಿ ಬಿಟ್ಟುಕೊಟ್ಟದ್ದಕ್ಕೆ ಆದ ಖರ್ಚು ಇದು. ಒಂದು ದಿನದ ವ್ಯಾಪಾರ ಬಂದ್. ಹನ್ನೆರಡು ಶಾಲೆಯ ಹನ್ನೆರಡು ಜನ ಮೇಷ್ಟ್ರುಗಳು, ತಿಪಟೂರಿನ ಆಫೀಸಿನಿಂದ ಒಬ್ಬ ಸಾಹೇಬರು, ಎಲ್ಲರಿಗೂ ಉಪ್ಪಿಟ್ಟು ಒಂದು ಸಲ, ಕಾಫಿ ಎರಡು ಸಲ. ಸಾಹೇಬರ ಡ್ರೈವರಿಗೆ ಎರಡೂ ಮೂರು ಸಲ. ನೀನು ಗೋಡೆಗೆ ಅಂಟಿಸಿದ್ದ ಪಟಗಳನ್ನು ಕಿತ್ತಾಗ ಜೊತೆಗೆ ಬಂದ ಸುಣ್ಣ, ಮೊರದಷ್ಟು ಅಗಲ. ಒಂದು ತೂಕದ ಕಲ್ಲು, ಲೆಕ್ಕ ಕಲಿಸಲು ನೀನು ನೆಲದ ಮೇಲೆ ಬರೆದ ಬಿಡಿಯ ಮನೆಗೆ ಹೋಯಿತೋ ಹತ್ತರ ಮನೆಗೆ ಹೋಯಿತೋ, ಇನ್ನೂ ಸಿಕ್ಕಿಲ್ಲ. ಎಲ್ಲದರ ಮೇಲೆ ಒಬ್ಬಳು ಮಗಳು, ಮುಖ ಊದಿಸಿಕೊಂಡು ತುರುವೇಕೆರೆ ಸೇರಿದಳು.

ನಿನ್ನ ಕಾಗದ ನಿನ್ನೆ ಬಂತು. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಮನೆಯ ಫೋನು ನಡುಮನೆಯಲ್ಲಿದೆ. ನಾನು ಇಲ್ಲಿ ಹಲೋ ಅಂದರೆ ನಿಮ್ಮತ್ತೆ ಅಲ್ಲಿ ಟೀವಿಯ ಸದ್ದು ತಗ್ಗಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಎರಡು ವರ್ಷ ಶಾಲೆಯಿಂದ ಶಾಲೆಗೆ ಅಲೆದು ಮೇಷ್ಟ್ರುಗಳಿಗೆ ಹೇಳಿಕೊಟ್ಟರೂ ಮೂರನೇ ಕ್ಲಾಸಿನ ಮಕ್ಕಳಿಗೆ ನೂರು ಎಣಿಸಲು ಬರುವುದಿಲ್ಲ, ಈ ಕೆಲಸಕ್ಕೆ ನಾನು ಲಾಯಕ್ಕಲ್ಲ, ಸೋಮವಾರ ತಿಪಟೂರಿನ ಆಫೀಸಿನಲ್ಲಿ ಬಿಡುಗಡೆಗೆ ಬರೆದುಕೊಟ್ಟು ಬರುತ್ತೇನೆ ಎಂದಿದ್ದೀಯ. ಬರೆದುಕೊಡಬೇಡ. ಮುಂದಿನದನ್ನು ಓದಿದ ಮೇಲೆ ನನ್ನ ಮೇಲೆ ಎಷ್ಟು ಬೇಕಾದರೂ ಕೋಪ ಮಾಡಿಕೋ. ಬರೆದು ಮಾತ್ರ ಕೊಡಬೇಡ.

ಅವತ್ತು ಬೆಳಿಗ್ಗೆ ಮೇಷ್ಟ್ರುಗಳ ಮುಂದೆ ನಿಂತು ಏನು ಹೇಳಿದೆ, ನೆನಪಿದೆಯಾ? ಮೂರನೇ ಕ್ಲಾಸಿಗೆ ಸರ್ಕಾರ ಕಟ್ಟಿರುವ ಕನಿಷ್ಠ ಕಲಿಕಾ ಮಟ್ಟ ಬಾಯಿಪಾಠದಿಂದ ಬರುವುದಿಲ್ಲ, ಮಗು ಕೈಯಲ್ಲಿ ಮುಟ್ಟಿ ಹತ್ತರ ಗುಂಪು ಮಾಡಬೇಕು, ಹತ್ತು ಗುಂಪು ಸೇರಿಸಿ ನೂರು ಕಾಣಬೇಕು, ಬೋರ್ಡನ್ನಲ್ಲ, ಮಗುವಿನ ಕೈಯನ್ನು ನೋಡಿ ಎಂದೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ನನಗೂ ಅರ್ಥವಾಯಿತು. ಆಮೇಲೆ ನನ್ನ ಹತ್ತಿರ ಬಂದು, ಅಮ್ಮ, ಮೂರು ರಾಶಿ ಕಾಯಿ ಕೊಡು, ಒಂದೊಂದರಲ್ಲಿ ನೂರು ಇರಲಿ ಅಂದೆ. ನಾನು ಮಂಡಿಯಲ್ಲಿ ಕಾಯಿ ಎಣಿಸುವ ನಮ್ಮ ಚಿಕ್ಕರಂಗಯ್ಯನಿಗೆ ಮೂರು ನೂರು ಎತ್ತಿ ಹಾಕು ಅಂದೆ. ಅವನು ಹಾಕಿದ.

ಆಮೇಲೆ ಆದದ್ದು ನಿನಗೇ ಗೊತ್ತು. ನಮ್ಮೂರ ಶಾಲೆಯಿಂದ ನೀನು ಕರೆಸಿದ್ದ ಮೂರನೇ ಕ್ಲಾಸಿನ ಮೂರು ಗುಂಪಿನ ಮಕ್ಕಳೂ ಹತ್ತು ಹತ್ತರ ಗುಂಪು ಮಾಡಿ, ಇನ್ನೂ ನಾಲ್ಕು ಉಳೀತು ಮಿಸ್ ಅಂದವು. ನೀನು ಬೋರ್ಡಿನ ಮೇಲೆ ಬರೆದಿದ್ದ ನೂರನ್ನು ನೋಡಿ, ಇನ್ನೊಂದು ಸಲ ಎಣಿಸಿ ಅಂದೆ. ಇನ್ನೊಂದು ಸಲವೂ ನಾಲ್ಕು. ಸಾಹೇಬರು, “ಮೂರು ಗುಂಪಿಗೂ ಒಂದೇ ತಪ್ಪು! ಕಾಪಿ ಹೊಡೆದಿದಾವೆ ಕಣಮ್ಮ” ಅಂದರು. ಮೂರನೇ ಸಲಕ್ಕೆ ಎರಡು ಗುಂಪಿನವರು ನಿನ್ನ ಮುಖ ನೋಡಿ ನಾಲ್ಕು ನಾಲ್ಕು ಕಾಯಿಯನ್ನು ಗೋಣಿಚೀಲದ ಹಿಂದಕ್ಕೆ ಉರುಳಿಸಿಬಿಟ್ಟರು. ನೀನು ನೋಡಲಿಲ್ಲ, ನಾನು ನೋಡಿದೆ. ಅವರಿಗೆ ಸಾಹೇಬರ ಚಪ್ಪಾಳೆ ಸಿಕ್ಕಿತು. ಚಿತ್ತಣ್ಣನ ಮಗಳು ಶಶಿ ಮಾತ್ರ ತನ್ನ ನಾಲ್ಕನ್ನು ಮುಂದೆ ಇಟ್ಟುಕೊಂಡೇ ಕೂತಳು. ಈ ಹುಡುಗಿಗೆ ಕನಿಷ್ಠ ಮಟ್ಟವೂ ಇಲ್ಲ ಎಂದು ಸಾಹೇಬರು ಬರೆದುಕೊಂಡರು. ನೀನು ತಲೆ ತಗ್ಗಿಸಿದೆ.

ಅಯ್ಯೋ ನನ್ನ ದಡ್ಡಿ, ಮಕ್ಕಳು ಸರಿಯಾಗಿ ಎಣಿಸಿದ್ದರು ಕಣೇ!

ನಮ್ಮ ಕಡೆ ರೈತ ನೂರು ಕಾಯಿ ಕೊಟ್ಟರೆ ಮೇಲೆ ನಾಲ್ಕು ಕೊಸರು ಹಾಕುತ್ತಾನೆ. ಅವನ ಅಪ್ಪ ಹಾಕುತ್ತಿದ್ದ, ಇವನೂ ಹಾಕುತ್ತಾನೆ. ಕೆಟ್ಟದ್ದೋ ಒಡಕೋ ಬಂದರೆ ಇರಲಿ ಅಂತ ಶುರುವಾದದ್ದು, ಬರದಿದ್ದರೂ ನಿಂತಿಲ್ಲ. ಮಂಡಿಯಲ್ಲಿ ರಾಶಿ ಬಿದ್ದಿರುವುದೇ ನೂರ ನಾಲ್ಕರಂತೆ, ಕರೆಯುವುದು ಮಾತ್ರ ನೂರು. ಚಿಕ್ಕರಂಗಯ್ಯ ಹಾಗೇ ಎತ್ತಿ ಹಾಕಿದ. ಈ ಧೂಳಿನಲ್ಲಿ ನೀನು ಬೆಳೆಯಬಾರದೆಂದು ತುಮಕೂರಿನ ಹಾಸ್ಟೆಲಿಗೆ ಹಾಕಿದ್ದು ನಾನೇ. ನಿನಗೆ ಕೊಸರು ಗೊತ್ತಿಲ್ಲದಿದ್ದರೆ ಅದು ನಿನ್ನ ತಪ್ಪಲ್ಲ. ಆದರೆ ಮಗುವಿನ ಕೈ ನೋಡಿ ಎಂದು ಹನ್ನೆರಡು ಜನಕ್ಕೆ ಬೋಧಿಸಿದವಳು, ಸಾಹೇಬರು ಬಂದ ಕೂಡಲೇ ಬೋರ್ಡು ನೋಡಿದೆಯಲ್ಲ, ಅದು ನಿನ್ನದು.

ನೀನು ಹೊರಟ ಮೇಲೆ ಹುಚ್ಚರಂಗಯ್ಯ ಮೇಷ್ಟ್ರು ಉಳಿದುಕೊಂಡರು. ಬರುವ ವರ್ಷ ರಿಟೈರಾಗುವ ಮನುಷ್ಯ, ನಿನ್ನ ತರಬೇತಿಯಲ್ಲೆಲ್ಲ ಹಿಂದಿನ ಸಾಲಿನಲ್ಲಿ ತೂಕಡಿಸುವವರು. “ಗಿರಿಜಮ್ಮಾರೇ, ಇದು ಮಂಡಿ ನೂರು ಕಣ್ರೀ” ಎಂದು ನಕ್ಕರು. ಮೈ ಉರಿದುಹೋಯಿತು. ಮತ್ತೆ ಆಗ ಯಾಕೆ ಬಾಯಿಗೆ ಬೀಗ ಹಾಕ್ಕೊಂಡಿದ್ರಿ ಅಂತ ಕೇಳಿದೆ. “ಸಾಹೇಬ್ರ ಮುಂದೆ ಯಾರು ಬಾಯಿ ಬುಡ್ತಾರೆ ಬುಡಿ” ಅಂದರು. ಆದರೆ ಹೋಗುವಾಗ ಅವರ ಮುಖದಲ್ಲಿ ನಗು ಇರಲಿಲ್ಲ. “ಮೂವತ್ತು ವರ್ಷ ನಾನೂ ತಪ್ಪು ಅಂತ ಹೊಡೆದಿದೀನಿ. ಎಷ್ಟು ಮಕ್ಕಳು ಹಿಂಗೇ ಚೀಲದ ಹಿಂದೆ ಉರುಳಿಸಿದ್ವೋ” ಅಂದರು. ಈಗ ಮಗು ತಪ್ಪು ಹೇಳಿದರೆ, ಹೆಂಗೆ ಮಾಡ್ದೆ ತೋರ್ಸು ಅಂತಾರಂತೆ. ಅವರ ಶಾಲೆಯಲ್ಲಿ ಅಡುಗೆ ಮಾಡುವ ಪುಟ್ಟಗಂಗಮ್ಮ ನನಗೆ ಹೇಳಿದ್ದು. ಮೇಷ್ಟ್ರಿಗೆ ಹುಷಾರಿಲ್ವೇನೋ ಅಂತ ಅವಳಿಗೆ ಗಾಬರಿ.

ಇನ್ನು ನನ್ನ ನಷ್ಟ ಕೇಳು. ಮಂಗಳವಾರ ಚಿತ್ತಣ್ಣನ ತೋಟಕ್ಕೆ ಕಾಯಿ ಎಣಿಸಲು ಹೋದರೆ, ಶಶಿ ಆಗಲೇ ಹತ್ತತ್ತರ ಗುಂಪು ಮಾಡಿಟ್ಟು ಕಾವಲು ನಿಂತಿದ್ದಾಳೆ. ಚಿಕ್ಕರಂಗಯ್ಯ ಕೊಸರಿಗೆ ಕೈ ಹಾಕಿದ. “ನೂರು ಆಯ್ತಲ್ಲಜ್ಜ, ಅವು ಯಾಕೆ?” ಅಂದಳು. ಪದ್ಧತಿ ಕಣವ್ವ ಅಂದ. “ಪದ್ಧತೀನ ಯಾವ ಮನೇಲಿ ಬರೀಬೇಕು? ಬಿಡೀದ್ರಲ್ಲೋ, ಹತ್ತರದ್ರಲ್ಲೋ?” ಅಂದಳು! ಚಿತ್ತಣ್ಣ ನನ್ನ ಮುಖ ನೋಡಿದ. “ಬೇಜಾರು ಮಾಡ್ಕಬೇಡಿ ಅಕ್ಕಾ. ನಿಮ್ಮ ಮಗಳೇ ಹೇಳ್ಕೊಟ್ಟಿರೋದು” ಅಂದ. ಸುತ್ತ ನಾಲ್ಕು ತೋಟದವರು ನಿಂತಿದ್ದರು. ಅವತ್ತಿನಿಂದ ಬಿಳಿಗೆರೆಯಲ್ಲಿ ನನಗೆ ಕೊಸರಿಲ್ಲ.

ಮೂರನೇ ಕ್ಲಾಸಿನ ಹುಡುಗಿ ನನ್ನ ವ್ಯಾಪಾರವನ್ನು ತೋಟದಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುವಷ್ಟು ಕಲಿತಿದ್ದಾಳೆ. ನೀನು ನೋಡಿದರೆ ಮಕ್ಕಳಿಗೆ ಏನೂ ಬರುವುದಿಲ್ಲವೆಂದು ಕಣ್ಣೀರು ಹಾಕುತ್ತಿದ್ದೀಯ. ಇದಕ್ಕಿಂತ ದೊಡ್ಡ ಮಟ್ಟ ಯಾವ ಸರ್ಕಾರ ಕಟ್ಟಿದೆ?

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಮಲಗಬೇಡ, ನೆಗಡಿಯಾಗುತ್ತದೆ.

ನಿನ್ನ ಮೇಲೆ ಸಿಟ್ಟಿರುವ ಅಮ್ಮ,
ಗಿರಿಜಾಂಬಿಕಾ

ಮೇಲೆ ಬರೆಯದೆ ಬಿಟ್ಟದ್ದು: ಮಕ್ಕಳು ಮೊದಲನೇ ಸಲ ನಾಲ್ಕು ಅಂದಾಗಲೇ ನನಗೆ ಗೊತ್ತಾಗಿತ್ತು. ಕಾಫಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಆ ಮೇಷ್ಟ್ರುಗಳಲ್ಲಿ ಅರ್ಧ ಜನರ ಮನೆಯ ಕಾಯಿ ನನ್ನ ಮಂಡಿಗೇ ಬರುತ್ತದೆ. ಅವರೆದುರು ನನ್ನ ನೂರು ಎಷ್ಟು ಅಂತ ಹೇಳಲು ನಾಲಿಗೆ ಏಳಲಿಲ್ಲ. ನೀನು ತಲೆ ತಗ್ಗಿಸಿದ್ದನ್ನು ನೋಡಿಕೊಂಡು ಸುಮ್ಮನಿದ್ದೆ. ಇವತ್ತು ತಿಪಟೂರಿಗೆ ಹೋಗಿ ಸಾಹೇಬರಿಗೆ ಹೇಳಿದೆ. “ವರದಿ ಟೈಪಾಗಿದೆಯಲ್ಲಮ್ಮ” ಅಂದರು. ಮಕ್ಕಳ ಕೈಲಿ ಮೂರು ಸಲ ಎಣಿಕೆ ಮಾಡಿಸಿದಿರಿ, ನೀವು ಎರಡು ಸಲ ಟೈಪ್ ಮಾಡಿಸಿ ಸ್ವಾಮಿ ಅಂದೆ. ಶಶಿಯ ಹೆಸರಿನ ಮುಂದೆ ಬರೆದದ್ದನ್ನು ನನ್ನೆದುರೇ ಹೊಡೆದುಹಾಕಿ ಸರಿ ಗುರುತು ಹಾಕಿದರು.

ಆದ ಲಾಭ ಇಷ್ಟು. ಶಶಿಗೆ, ಅವಳ ನಾಲ್ಕು ಕಾಯಿ ಮತ್ತು ಸರಿ ಅನ್ನುವ ಗುರುತು. ಚಿತ್ತಣ್ಣನಿಗೆ, ನೂರಕ್ಕೆ ನಾಲ್ಕು. ಹುಚ್ಚರಂಗಯ್ಯ ಮೇಷ್ಟ್ರಿಗೆ, ರಿಟೈರಾಗುವ ಮುಂಚೆ ಒಂದು ಪಾಠ. ಸಾಹೇಬರಿಗೆ, ಏನೂ ಇಲ್ಲ. ನಿನಗೆ, ಹನ್ನೆರಡು ಶಾಲೆ. ನನಗೆ ಏನೆಂದು ಸೋಮವಾರ ನೀನು ಮಾಡುವುದನ್ನು ನೋಡಿ ಬರೆದುಕೊಳ್ಳುತ್ತೇನೆ.