ಹಿಂದಿನ ಚಕ್ರ ಅಂಗಡಿಯಲ್ಲಿದೆ

ರೀ,

ನಾನು ಕ್ಲಿನಿಕ್ಕಿಗೆ ಹೊರಟೆ. ಬಾಗಿಲ ಹಿಂದೆ ಚಕ್ರ ಕಾಣಲಿಲ್ಲವೆಂದು ಗಾಬರಿಯಾಗಬೇಡಿ, ನಾನೇ ಸೈಕಲ್ ಅಂಗಡಿಗೆ ಕೊಟ್ಟು ಬಂದೆ. ಅಡುಗೆ ಒಲೆಯ ಮೇಲಿದೆ, ಬಿಸಿ ಮಾಡಿಕೊಳ್ಳಿ. ಮೊಣಕಾಲಿಗೆ ಮುಲಾಮು ಹಚ್ಚಿ. ಬರೀ ಹೂಂ ಅಂದರೆ ಗಾಯ ಮಾಯುವುದಿಲ್ಲ.

ರೇಸಿನಲ್ಲಿ ಗುಂಡಿಗೆ ಬಿದ್ದಾಗ ಆ ಕಾರ್ಬನ್ ರಿಮ್ಮಿಗೆ ಸಣ್ಣ ಗೀರು ಬಿದ್ದಿದೆ ಅಂದಿರಲ್ಲ, ಅದು ಗೀರಲ್ಲ, ಬಿರುಕು. ಅಂಗಡಿಯವನು ಟೈರು ಬಿಚ್ಚಿ ಬೆರಳಿಟ್ಟು ತೋರಿಸಿದ.

"ಅಂಟು ಹಾಕಿ ಕೊಡಬಹುದು ಅಕ್ಕ, ನೋಡೋಕೆ ಹೊಸದರ ಹಾಗೇ ಇರುತ್ತೆ. ಆದ್ರೆ ಇಳಿಜಾರಲ್ಲಿ ತಡೆಯುತ್ತೆ ಅಂತ ನಾನು ಹೇಳಲ್ಲ."

"ನಿಮ್ಮ ಸ್ವಂತ ಅಣ್ಣನೇ ಇದನ್ನ ಓಡಿಸೋದಾಗಿದ್ರೆ?" ಅಂದೆ.

"ಹತ್ತೋಕೇ ಬಿಡ್ತಿರಲಿಲ್ಲ."

ಅಲ್ಲಿಗೆ ಮುಗಿಯಿತು. ಹೊಸ ರಿಮ್ ತರಿಸಲು ಹೇಳಿದ್ದೇನೆ. ನೀವು ಮಗುವಿನಂತೆ ಒರೆಸಿ ಇಟ್ಟುಕೊಂಡಿರುವ, ಚಕ್ರದ ನಡುವಿನ ಆ ಹಬ್‌ಗೆ ಏನೂ ಆಗಿಲ್ಲವಂತೆ, ಅದನ್ನೇ ಕೂರಿಸುತ್ತಾನೆ. ನನ್ನ ಬೆನ್ನ ಹಿಂದೆ ಅವನಿಗೆ ಫೋನ್ ಮಾಡಿ "ಅಂಟೇ ಸಾಕು" ಅಂದರೆ ನೋಡಿ ಮತ್ತೆ!

ಇನ್ನೊಂದು ಮಾತು. "ಅರ್ಜೆಂಟ್ ಅಂದ್ರೆ ಶನಿವಾರದೊಳಗೆ ತರಿಸ್ತೀನಿ" ಅಂತಲೂ ಅಂದ. ನಾನೇ ಬೇಡವೆಂದೆ. ಬೈಯಬೇಕೆನಿಸಿದರೆ ಬೈಯಿರಿ. ಪ್ರತಿ ಭಾನುವಾರ ನಾನು ಕಣ್ಣು ಬಿಡುವಷ್ಟರಲ್ಲಿ ನಿಮ್ಮ ದಿಂಬು ತಣ್ಣಗಾಗಿರುತ್ತದೆ. ಒಬ್ಬಳೇ ಕಾಫಿ ಕುಡಿಯುತ್ತ, ಬೀದಿಯಲ್ಲಿ ಯಾರ ಸೈಕಲ್ ಸದ್ದಾದರೂ ಕಿಟಕಿಗೆ ಓಡುತ್ತೇನೆ. ನೀವು ಬರುವುದು ಬಿಸಿಲೇರಿದ ಮೇಲೆ. ಬಂದವರು ಉಂಡು ಮಲಗಿಬಿಡುತ್ತೀರಿ. ಒಂದೇ ಮನೆಯಲ್ಲಿದ್ದುಕೊಂಡು ನಿಮ್ಮ ದಾರಿ ಕಾಯುವುದು ನನಗೆ ಸಾಕಾಗಿದೆ.

ಚಕ್ರ ನಿಧಾನವಾಗಿಯೇ ಬರಲಿ. ಈ ಭಾನುವಾರ ಇಬ್ಬರೂ ತಡವಾಗಿ ಏಳೋಣ.